ಹೊಸ್ತಿಲ ಮೇಲಿನ ಮೂರು ಸೆಕೆಂಡು

ಮೇ 4, 2025

ನಿನ್ನೆ ವನದುರ್ಗದಲ್ಲಿ ನನ್ನ ಮೊದಲ ಮದುವೆ ಮುಗಿಯಿತು. ಮದುವೆ ನನ್ನದಲ್ಲ, ವಿಡಿಯೋ ನನ್ನದು. ಇದನ್ನು ಬರೆದಿಡಬೇಕು ಅಂತಲೇ ಈ ಡೈರಿ ಕೊಂಡಿದ್ದೇನೆ.

ಆರು ವರ್ಷ ಶಹಾಪುರದ ಸಂಗಮನಾಥ ಸರ್ ಸ್ಟುಡಿಯೋದಲ್ಲಿ ದುಡಿದೆ. ಹೆಣ್ಣುಮಕ್ಕಳ ಫೋಟೋ, ಆಲ್ಬಂ, ಎಡಿಟಿಂಗ್ ಎಲ್ಲ ನನ್ನ ತಲೆಗೆ. ವಿಡಿಯೋ ಮಾತ್ರ ಮುಟ್ಟುವಂತಿಲ್ಲ. "ಅದು ಗಂಡಸರ ಕೆಲಸ ಕಸ್ತೂರಿ, ಭಾರ ಆಗ್ತದ" ಎನ್ನುತ್ತಿದ್ದರು. ನಾನು ದಿನಾ ಸೊಂಟದ ಮೇಲೆ ಹೊತ್ತು ತರುವ ಕೊಡದ ಕಾಲು ಭಾಗವೂ ತೂಗದ ಕ್ಯಾಮೆರಾ ಅದು. ಫೆಬ್ರವರಿಯಲ್ಲಿ ಕೆಲಸ ಬಿಟ್ಟೆ. ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ, ಮಸ್ತಾನಬಿ ಆಪಾನ ಟೇಲರಿಂಗ್ ಅಂಗಡಿಯ ಪಕ್ಕ, ಮಳಿಗೆ ಹಿಡಿದು 'ಕಸ್ತೂರಿ ವಿಡಿಯೋ' ಅಂತ ಬೋರ್ಡು ಹಾಕಿದೆ. ಇಪ್ಪತ್ತೊಂಬತ್ತು ತುಂಬಿದ, ಮದುವೆಯಾಗದ ಹುಡುಗಿ ಬೋರ್ಡು ಹಾಕುವುದೆಂದರೆ ಏನು ಅಂತ ಓಣಿಗೆ ಓಣಿಯೇ ಬಂದು ಓದಿ ಹೋಯಿತು. ಓದಲಿ.

ಮದುವೆ ಭಾರಿ ಆಯಿತು. ವರ ಮರಿಲಿಂಗ, ಮಾತು ಕಮ್ಮಿ. ವಧು ಭಾಗ್ಯ, ಸುರಪುರದ ರಂಗಂಪೇಟೆಯವಳು. ಮಧ್ಯಾಹ್ನ ಮನೆ ತುಂಬಿಸಿಕೊಳ್ಳುವಾಗ ನಾನು ಎಲ್ಲರಿಗಿಂತ ಮೊದಲು ಒಳಗೆ ಓಡಿ ಪಡಸಾಲೆಯಲ್ಲಿ ನಿಂತು ಬಾಗಿಲ ಕಡೆ ಕ್ಯಾಮೆರಾ ಹಿಡಿದೆ. ಗಂಡಹೆಂಡತಿ ಜೋಡಿಯಾಗಿ ಬಂದರು. ಭಾಗ್ಯ ಹೊಸ್ತಿಲ ಮೇಲಿನ ಸೇರನ್ನು ಬಲಗಾಲಿನಿಂದ ಒದ್ದಳು, ಜೋಳ ನನ್ನ ಕಾಲತನಕ ಚೆಲ್ಲಿತು. ಎಲ್ಲ ಕ್ಯಾಮೆರಾದ ಆಟೋ ಮೋಡಿನಲ್ಲೇ ಹಿಡಿದೆ. ಬೆಳಕನ್ನು ಕ್ಯಾಮೆರಾ ತಾನೇ ನೋಡಿಕೊಳ್ಳುತ್ತದೆ. ಆರು ವರ್ಷ ಆಟೋದಲ್ಲೇ ಫೋಟೋ ತೆಗೆದಿದ್ದೇನೆ, ಒಂದೂ ಕೆಟ್ಟಿಲ್ಲ.

ಸಂಗಮನಾಥ ಸರ್ ನೋಡಬೇಕು ಈ ವಿಡಿಯೋ. ನೋಡಲೇಬೇಕು.

ಮೇ 9

ಎಡಿಟಿಂಗ್‌ಗೆ ಕೂತೆ. ಹೊಸ್ತಿಲ ಶಾಟ್ ಕೆಟ್ಟಿದೆ.

ಭಾಗ್ಯ ಅಂಗಳದಲ್ಲಿರುವಾಗ ಬರೀ ಬಿಳುಪು. ಬಾಗಿಲಿಗೆ ಬಂದಳು, ಸೇರಿಗೆ ಕಾಲೆತ್ತಿದಳು, ಸರಿಯಾಗಿ ಆ ಹೊತ್ತಿಗೆ ಮುಖ ಕಪ್ಪಾಯಿತು. ಮಸಿ ಬಳಿದ ಹಾಗೆ. ಮೂರು ಸೆಕೆಂಡು. ಆಮೇಲೆ ಒಳಗೆ ಬಂದಂತೆ ನಿಧಾನಕ್ಕೆ ಬೆಳಕಾಯಿತು. ಹಿಂದೆ ಬಿಸಿಲಲ್ಲಿ ಉರಿಯುವ ಬಿಳಿ ಗೋಡೆ ಕಂಡ ಕೂಡಲೇ ಕ್ಯಾಮೆರಾ ಹೆದರಿ ಕಣ್ಣು ಕಿರಿದು ಮಾಡಿಕೊಂಡಿದೆ, ಗೋಡೆ ನೆಟ್ಟಗೆ ಕಂಡಿದೆ, ಮುಖ ಹೋಗಿದೆ.

ಇದರಲ್ಲಿ ನನ್ನದೇನು ತಪ್ಪು? ಅಂಗಳದ ಗೋಡೆಗೆ ಮದುವೆಯ ಮುನ್ನಾದಿನ ಸುಣ್ಣ ಬಳಿಯಲು ಯಾರು ಹೇಳಿದ್ದರು? ಮೇ ತಿಂಗಳ ಹನ್ನೆರಡು ಗಂಟೆಗೆ ಮನೆ ತುಂಬಿಸಿಕೊಳ್ಳುವ ಮುಹೂರ್ತ ಇಟ್ಟವರು ಯಾರು? ಒಂದು ಲೈಟೂ ಇಲ್ಲದ ಪಡಸಾಲೆ ಕಟ್ಟಿದ್ದು ನಾನಾ? ಆ ಹುಡುಗಿಯೂ ಅಷ್ಟೇ, ಸರಸರ ಒಳಗೆ ಬರುವುದು ಬಿಟ್ಟು ಹೊಸ್ತಿಲ ಮೇಲೆ ನಿಂತೇಬಿಟ್ಟಳು. ಇಡೀ ಮದುವೆ ನಾಲ್ಕು ಗಂಟೆ ಇದೆ, ಮೂರು ಸೆಕೆಂಡು ಯಾರು ನೋಡುತ್ತಾರೆ. ಕೊಟ್ಟುಬಿಡುತ್ತೇನೆ.

ಮೇ 20

ನೋಡಿದ್ದಾರೆ.

ಮಲ್ಲಾಬಾಯಿ ಫೋನ್ ಮಾಡಿದ್ದಳು. ಮರಿಲಿಂಗನ ಅವ್ವ, ಆ ಮನೆಯ ಯಜಮಾನಿ. ಮದುವೆಯಲ್ಲಿ ಗಂಡ ಪರಮಣ್ಣನನ್ನೂ ಕೂಡಿಸಿ ನೂರು ಜನರನ್ನು ಒಂದೇ ದನಿಯಲ್ಲಿ ನಡೆಸಿದವಳು.

"ತಂಗಿ, ಸೇರು ಒದಿಯೋ ಹೊತ್ತಿಗೆ ಸೊಸಿ ಮುಖ ಕಪ್ಪ ಆಗ್ಯಾದಲ್ಲ, ಯಾಕ?"

ಸಂಗಮನಾಥ ಸರ್ ಆರು ವರ್ಷದಲ್ಲಿ ಕಲಿಸಿದ ಒಂದೇ ಮಂತ್ರ ಬಾಯಿಗೆ ಬಂತು. ಗಿರಾಕಿ ಮುಂದೆ ತಪ್ಪು ಒಪ್ಪಿಕೊಳ್ಳಬೇಡ, ಒಂದು ಸಲ ಒಪ್ಪಿಕೊಂಡರೆ ಈ ಧಂದೆಯಲ್ಲಿ ನಿನ್ನ ಕತೆ ಮುಗಿಯಿತು.

"ನಂದೇನಿಲ್ರಿ ಅವ್ವಾರ. ಕ್ಯಾಮೆರಾ ಇದ್ದದ್ದನ್ನ ತೋರಿಸ್ತದ" ಅಂದೆ.

ಅವಳು "ಹಂಗಾ?" ಅಂದು ಫೋನ್ ಇಟ್ಟಳು. ಬಚಾವಾದೆ.

ಮೇ 28

ಬಚಾವಾಗಿಲ್ಲ. ಇವತ್ತು ಸಂತೆಯಲ್ಲಿ ಸಂಗಮನಾಥ ಸರ್ ಸಿಕ್ಕರು. "ಏನ್ ಕಸ್ತೂರಿ, ವನದುರ್ಗದಾಗ ಗ್ರಹಣ ಹಿಡಿದಿತ್ತಂತ?" ಅಂತ ನಾಲ್ಕು ಜನರ ಎದುರು ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಪಾತ್ರೆ ತಿಕ್ಕುತ್ತ ಒಂದು ಲೋಟ ಸೊಟ್ಟ ಮಾಡಿದೆ.

ಈ ಬೆಳಕನ್ನು ನಾನು ಬಗ್ಗಿಸದಿದ್ದರೆ ನನ್ನ ಬೋರ್ಡು ನಾನೇ ಇಳಿಸುತ್ತೇನೆ. ಫೋಟೋದಲ್ಲಿ ಒಂದು ಗಳಿಗೆ ಹಿಡಿದರೆ ಮುಗಿಯಿತು. ವಿಡಿಯೋದಲ್ಲಿ ಬೆಳಕು ಮನುಷ್ಯನ ಜೊತೆಗೇ ನಡೆದು ಬರುತ್ತದೆ, ನಾವೂ ಜೊತೆಗೆ ನಡೆಯಬೇಕು. ಆರು ವರ್ಷ ಇದನ್ನು ನನಗೆ ಯಾರೂ ಹೇಳಲಿಲ್ಲ. ಹೇಳಬಾರದು ಅಂತಲೇ ಹೇಳಲಿಲ್ಲ.

ಜೂನ್ 8

ಕಲಬುರಗಿಯಿಂದ ಫಿಲ್ಟರ್ ತರಿಸಿದೆ. ಲೆನ್ಸಿನ ಮುಂದೆ ಹಾಕುವ ಕಪ್ಪು ಗಾಜು. ಎರಡು ಗಾಜು ಒಂದರ ಮೇಲೊಂದು. ಹೊರಗಿನ ಬಳೆಯನ್ನು ತಿರುವಿದರೆ ಕಪ್ಪಾಗುತ್ತ ಹೋಗುತ್ತದೆ, ಹಿಂದಕ್ಕೆ ತಿರುವಿದರೆ ತಿಳಿಯಾಗುತ್ತದೆ. ಶಟರಿನ ವೇಗವನ್ನು ಐವತ್ತರಲ್ಲಿ ಕಟ್ಟಿಹಾಕಬೇಕು, ಅದನ್ನು ಮುಟ್ಟಿದರೆ ಜನರ ನಡಿಗೆ ಕುಂಟುತ್ತದೆ. ಲೆನ್ಸಿನೊಳಗಿನ ಕಿಂಡಿ, ಅಪರ್ಚರ್, ಅದನ್ನು ಮುಟ್ಟಿದರೆ ಬೆಳಕು ಜಿಗಿದು ಜಿಗಿದು ಬದಲಾಗುತ್ತದೆ, ನೋಡುವವರ ಕಣ್ಣಿಗೆ ಹೊಡೆಯುತ್ತದೆ. ಈ ಬಳೆ ಒಂದೇ ಸದ್ದಿಲ್ಲದೆ ಜಾರುತ್ತದೆ. ಆಟೋಗೆ ಇನ್ನು ನನ್ನ ಅಂಗಡಿಯಲ್ಲಿ ಜಾಗ ಇಲ್ಲ.

ಮಸ್ತಾನಬಿ ಆಪಾನನ್ನು ಬೀದಿಯಿಂದ ಅಂಗಡಿಯೊಳಕ್ಕೆ ನಡೆಸಿದೆ, ನಾನು ಒಳಗೆ ನಿಂತು ಬಳೆ ತಿರುವಿದೆ. ಮೊದಲ ಸಲ ತಡವಾಯಿತು, ಆಪಾ ಕಪ್ಪು. ಎರಡನೇ ಸಲ ಅವಸರವಾಯಿತು, ಆಪಾ ಬಿಳುಪು. ಹದಿನಾಲ್ಕನೇ ಸಲಕ್ಕೆ ಆಪಾ ಕೈಯಲ್ಲಿದ್ದ ಕತ್ತರಿ ತೋರಿಸಿದಳು.

"ಏ ಕಸ್ತೂರಿ, ನಾ ಏನ್ ನಿನ್ನ ಆಡೇನು, ಒಳಗ ಹೊರಗ ಮಾಡಾಕ? ಗಿರಾಕಿ ಬ್ಲೌಜ್ ಅರ್ಧಕ್ಕ ಬಿಟ್ಟು ಬಂದೀನಿ."

"ಇನ್ನೊಂದ ಸಲ, ಆಪಾ."

"ಇನ್ನೊಂದ ಸಲ ಅಂತ ಹನ್ನೆರಡು ಸಲ ಆತು" ಅಂದವಳು ಮತ್ತೆ ಹೊರಗೆ ಹೋಗಿ ಬಂದಳು.

ಜೂನ್ 13

ಬಾಗಿಲಿಗೆ ಎರಡು ಹೆಜ್ಜೆ ಇರುವಾಗ ತಿರುವಲು ಶುರು ಮಾಡಬೇಕು. ಪಾದ ಹೊಸ್ತಿಲು ಮುಟ್ಟುವ ಮೊದಲು ಅರ್ಧ ಮುಗಿದಿರಬೇಕು. ಹಿಂದಿನ ಬೀದಿ ಬೆಳ್ಳಗೆ ಹೊತ್ತಿ ಹೋಗುತ್ತದೆ, ಹೋಗಲಿ ಬಿಡು. ಮುಖ ಒಂದನ್ನು ಬಿಡಬಾರದು.

ಇವತ್ತು ಇಪ್ಪತ್ತರಲ್ಲಿ ಹನ್ನೊಂದು ಸರಿ ಬಂತು.

ಜೂನ್ 21

ವನದುರ್ಗದ ಪರಮಣ್ಣ ಮಾಳಿಗೆ ಏಣಿಯಿಂದ ಬಿದ್ದು ತೊಡೆ ಮುರಿದುಕೊಂಡನಂತೆ. ಬ್ಲೌಜ್ ಹೊಲಿಸಲು ಬಂದವರು ಆಪಾನಿಗೆ ಹೇಳಿದ್ದು. ಪಾಪ. ವಯಸ್ಸಾದವರು ಏಣಿ ಯಾಕೆ ಹತ್ತಬೇಕು.

ಇಪ್ಪತ್ತರಲ್ಲಿ ಹದಿನಾರು.

ಜುಲೈ 3

ಇವತ್ತು ಭಾಗ್ಯ ಬಂದಿದ್ದಳು.

ಮೊದಲು ಗುರುತೇ ಸಿಗಲಿಲ್ಲ. ಎರಡೇ ತಿಂಗಳಲ್ಲಿ ಗಲ್ಲ ಇಳಿದಿದೆ. ಸುರಪುರದಿಂದ ಬಸ್ಸಿಗೆ ಬಂದವಳು ನೀರು ಕೊಟ್ಟರೂ ಕುಡಿಯಲಿಲ್ಲ, ನಿಂತೇ ಕೇಳಿದಳು.

"ಅಕ್ಕ, ಕ್ಯಾಮೆರಾ ಇದ್ದದ್ದನ್ನ ತೋರಿಸ್ತದ ಅಂತ ನೀವ ಹೇಳೀರಿ ಅಂತಲ್ಲ. ಖರೇನಾ?"

ಏನಾಯಿತು ಅಂತ ಕೇಳಿದೆ. ಮಾವ ಬಿದ್ದ ದಿನ ಸಂಜೆ ಮಲ್ಲಾಬಾಯಿ ಟಿವಿಗೆ ಪೆನ್ ಡ್ರೈವ್ ಹಾಕಿ ಆ ಮೂರು ಸೆಕೆಂಡನ್ನು ಓಣಿಯ ಹೆಂಗಸರಿಗೆಲ್ಲ ತೋರಿಸಿದಳಂತೆ. ಹೊಸ್ತಿಲ ಮೇಲೆ ಮುಖಕ್ಕೆ ಕತ್ತಲೆ ಬಿದ್ದವಳು ಮನೆಗೆ ಏನು ತಂದಾಳು, ಶೂಟಿಂಗ್ ಮಾಡಿದಾಕೆಯೇ ಹೇಳಿದ್ದಾಳೆ, ಇದ್ದದ್ದೇ ಕಂಡಿದೆ ಅಂತ. ಆಷಾಢ ಹಿಡಿಯಲು ಇನ್ನೂ ಎರಡು ದಿನ ಇರುವಾಗಲೇ ಇವಳನ್ನು ತವರಿಗೆ ಕಳಿಸಿದರು. ಆಷಾಢಕ್ಕೆ ಹೊಸ ಸೊಸೆ ತವರಿಗೆ ಹೋಗುವುದು ರೂಢಿ, ಊರಿನವರಿಗೆ ಏನೂ ಅನ್ನಿಸುವುದಿಲ್ಲ. ಆದರೆ ಇವಳ ಟ್ರಂಕನ್ನೂ ಜೊತೆಗೆ ಕಳಿಸಿದ್ದಾರೆ. ಅದು ರೂಢಿಯಲ್ಲ.

"ಮರಿಲಿಂಗ ಏನಂದ?"

"ಟ್ರಂಕ್ ಆಟೋದಾಗ ಇಟ್ಟವ್ರ ಅವರು."

ನಾನು ಏನು ಹೇಳಿದೆ ಅಂತ ಬರೆಯಲು ನಾಚಿಕೆಯಾಗುತ್ತದೆ, ಬರೆಯುತ್ತೇನೆ. "ನೋಡ್ತೀನಿ ತಂಗಿ, ಮುಂದಿನ ವಾರ ಬಾ" ಅಂದೆ. ಬಿಲ್ಲು ಕೇಳಲು ಬಂದವರಿಗೆ ಹೇಳುವ ಮಾತು.

ಹೋಗುವಾಗ ಬಾಗಿಲಲ್ಲಿ ತಿರುಗಿ ನಿಂತಳು. "ಅಕ್ಕ, ಅವರೂ ನನ್ನ ಬಾಜೂಕ ಇದ್ರಲ್ಲ. ಅವರ ಮುಖ ಏನಾಗಿತ್ತು, ಒಮ್ಮೆ ನೋಡ್ರಿ."

ಜುಲೈ 3, ಮತ್ತೆ

ನೋಡಿದೆ. ಮರಿಲಿಂಗನ ಮುಖವೂ ಕಪ್ಪು. ಅಷ್ಟೇ ಕಪ್ಪು, ಅದೇ ಮೂರು ಸೆಕೆಂಡು. ಪಕ್ಕಪಕ್ಕದಲ್ಲಿ ನಿಂತವರಲ್ಲಿ ಒಬ್ಬರಿಗೆ ಮಾತ್ರ ಹೇಗೆ ಕತ್ತಲೆ ಬೀಳುತ್ತದೆ! ಈ ಶಾಟನ್ನು ನಾನು ನಲವತ್ತು ಸಲ ನೋಡಿದ್ದೇನೆ. ನಲವತ್ತು ಸಲವೂ ಭಾಗ್ಯಳನ್ನೇ ನೋಡಿದ್ದೇನೆ. ಮಲ್ಲಾಬಾಯಿಗೆ ಬೈಯುವ ಬಾಯಿ ನನಗಿಲ್ಲ.

ಜುಲೈ 6

ಮೂರು ದಿನ ಆ ಶಾಟಿನ ಮುಂದೆ ಕೂತೆ. ಕಪ್ಪನ್ನು ಎತ್ತಿ ಬೆಳಕು ಮಾಡಲು ನೋಡಿದೆ. ಮುಖ ಬರುವುದಿಲ್ಲ, ಹಿಟ್ಟು ಉದುರಿಸಿದ ಹಾಗೆ ಚುಕ್ಕೆಚುಕ್ಕೆ ಬರುತ್ತದೆ. ಹಿಡಿಯುವಾಗ ಬಿಟ್ಟದ್ದು ಆಮೇಲೆ ಸಿಗುವುದಿಲ್ಲ.

ಬೇರೆ ದಾರಿ ಕಾಣದೆ ಸಂಗಮನಾಥ ಸರ್ ಹತ್ತಿರ ಹೋದೆ. ಶಾಟ್ ನೋಡಿ ನಗಲಿಲ್ಲ, ಅಷ್ಟು ಒಳ್ಳೆಯದು.

"ಮೂರು ಸೆಕೆಂಡ್ ಕತ್ತರಿಸಿ ಒಗಿ. ಅಲ್ಲಿ ಹೂವಿನ ಎಫೆಕ್ಟ್ ಹಾಕು. ಹಳೇ ಪೆನ್ ಡ್ರೈವ್ ಕೆಟ್ಟಿತ್ತು ಅಂತ ಹೇಳಿ ಹೊಸದ ಕೊಡು."

"ಅವರು ನೋಡಿ ಆಗ್ಯಾದ್ರಿ ಸರ್. ಈಗ ಕತ್ತರಿಸಿದ್ರ ಮುಚ್ಚಿಡಾಕತ್ತಾರ ಅಂತಾರ."

"ಅನ್ಲಿ ಬಿಡು. ತಪ್ಪು ಮಾತ್ರ ಒಪ್ಕೋಬ್ಯಾಡ."

"ಭಾಗ್ಯಾಗ ಏನ್ ಹೇಳ್ಲಿ?"

"ಯಾವ ಭಾಗ್ಯ?" ಅಂದರು. ಆಮೇಲೆ ಚಹಾ ತರಿಸಿದರು. ನನ್ನ ಖುರ್ಚಿ ಇನ್ನೂ ಖಾಲಿ ಇದೆಯಂತೆ, ಯಾವಾಗ ಬೇಕಾದರೂ ಬರಬಹುದಂತೆ. ಚಹಾ ಕುಡಿದೆ. ಖುರ್ಚಿ ಬೇಡ ಅಂದೆ.

ಜುಲೈ 18

ಸುರಪುರದಲ್ಲಿ ಒಂದು ತೊಟ್ಟಿಲ ಕಾರ್ಯಕ್ರಮ. ಹಳೆಯ ಮನೆ, ಮಾಳಿಗೆಯ ಬೆಳಕಿಂಡಿಯಿಂದ ಒಂದೇ ಒಂದು ಬಿಸಿಲ ಕೋಲು ತೊಟ್ಟಿಲ ಮೇಲೆ ಬೀಳುತ್ತಿತ್ತು. ಕೂಸನ್ನು ನೋಡಲು ಓಣಿಯ ಹೆಂಗಸರು ಮಾಳಿಗೆ ಹತ್ತಿ ಬೆಳಕಿಂಡಿಗೆ ತಲೆ ಹಾಕುತ್ತಿದ್ದರು, ತಲೆ ಹಾಕಿದಾಗಲೆಲ್ಲ ಕೆಳಗೆ ಕತ್ತಲೆ. ಆಟೋ ಇದ್ದಿದ್ದರೆ ಕೂಸು ಹತ್ತು ಸಲ ಹೊತ್ತಿ ಆರುತ್ತಿತ್ತು. ನಾನು ಬಳೆಯನ್ನು ಮುಟ್ಟಲೇ ಇಲ್ಲ. ಕೂಸಿನ ಮುಖಕ್ಕೆ ಸರಿ ಮಾಡಿ ಹಾಗೇ ಬಿಟ್ಟೆ. ನೆರಳು ಬಂದರೆ ಬರಲಿ, ಬಂದದ್ದು ಹೋಗುತ್ತದೆ. ಎಲ್ಲ ಬದಲಾವಣೆಗೂ ಕೈ ಹಾಕಬಾರದು ಅಂತ ಇವತ್ತು ಗೊತ್ತಾಯಿತು.

ಬರುವಾಗ ರಂಗಂಪೇಟೆಗೆ ಹೋದೆ. ಭಾಗ್ಯಳ ಟ್ರಂಕ್ ಇನ್ನೂ ಬಾಗಿಲ ಹತ್ತಿರವೇ ಇದೆ. ಒಳಗೆ ಇಡಲು ಅವಳು ಬಿಟ್ಟಿಲ್ಲವಂತೆ.

ಆಗಸ್ಟ್ 3

ಪಂಚಮಿ ಮುಗಿದು ಐದು ದಿನ. ತವರಿಗೆ ಬಂದ ಹೆಣ್ಣುಮಕ್ಕಳೆಲ್ಲ ಉಂಡಿ ಕಟ್ಟಿಕೊಂಡು ಗಂಡನ ಮನೆಗೆ ಹೋದರು. ಭಾಗ್ಯಳನ್ನು ಕರೆಯಲು ಯಾರೂ ಬಂದಿಲ್ಲ.

ಮಲ್ಲಾಬಾಯಿಗೆ ಫೋನ್ ಮಾಡಿದೆ. ತಪ್ಪು ನಂದು, ಬೆಳಕು ಹಿಡಿಯಲು ನನಗೆ ಬರುತ್ತಿರಲಿಲ್ಲ, ನಿಮಗೆ ಸುಳ್ಳು ಹೇಳಿದೆ ಅಂದೆ. ಹೇಳುವ ಮೊದಲು ನಂಬರ್ ಒತ್ತಿ ಎರಡು ಸಲ ಕಟ್ ಮಾಡಿದ್ದೆ. ಹೇಳಿದ ಮೇಲೆ ಏನೂ ಆಗಲಿಲ್ಲ.

"ಈಗ ಯಾರ ಹೇಳಿಕೊಟ್ರವ್ವ ನಿನಗ ಹಿಂಗನ್ನು ಅಂತ? ಆಕಿ ಅಪ್ಪನ?" ಅಂದಳು.

"ಮರಿಲಿಂಗನ ಮುಖಾನೂ ಕಪ್ಪ ಆಗ್ಯಾದ್ರಿ. ನೋಡ್ರಿ ಬೇಕಾದ್ರ."

"ನೋಡೀನಿ. ಹೆಂಡತಿ ನೆರಳು ಗಂಡನ ಮ್ಯಾಲ ಬಿದ್ದಾದ" ಅಂದು ಫೋನ್ ಇಟ್ಟಳು.

ಎಲ್ಲದಕ್ಕೂ ಉತ್ತರ ಇದೆ ಈಕೆಗೆ. ಇರಲಿ. ಆ ಮನೆಗೇ ಹೋಗುತ್ತೇನೆ. ಅದೇ ಪಡಸಾಲೆ, ಅದೇ ಬಾಗಿಲು, ಅದೇ ಹನ್ನೆರಡು ಗಂಟೆ. ಅವರ ಟಿವಿಗೇ ಕ್ಯಾಮೆರಾ ಹಚ್ಚಿ ಅವರ ಕಣ್ಣೆದುರೇ ತೋರಿಸುತ್ತೇನೆ. ಆಪಾ, "ನಿನಗ ಹೊಡಿತಾರ" ಅಂದಳು. ಹೊಡೆದರೆ ಅದೂ ರೆಕಾರ್ಡ್ ಆಗುತ್ತದೆ ಅಂದೆ.

ಆಗಸ್ಟ್ 11

ಬೆಳಿಗ್ಗೆಯಿಂದ ಎರಡು ಬುಕಿಂಗ್ ಹೋದವು. 'ತಾನೇ ಬಾಯಿಬಿಟ್ಟು ಹೇಳ್ಯಾಳಂತ, ಶೂಟಿಂಗ್ ಬರಂಗಿಲ್ಲ ಅಂತ' ಅಂತ ಸುದ್ದಿ ವನದುರ್ಗದಿಂದ ನನಗಿಂತ ಮೊದಲೇ ಶಹಾಪುರ ಮುಟ್ಟಿದೆ. ಸರಿ. ನಿನ್ನೆಯದನ್ನು ಬರೆಯುತ್ತೇನೆ, ಇಲ್ಲದಿದ್ದರೆ ಮರೆತುಹೋಗುತ್ತದೆ.

ಭಾಗ್ಯಳೂ ನನ್ನ ಜೊತೆ ಬಂದಳು. ಬೇಡ ಅಂದೆ. "ಮಾತು ನನ್ನ ಮುಖದ್ದು. ನಾ ಇಲ್ಲಂದ್ರ ಹೆಂಗ?" ಅಂದಳು. ಆದರೆ ಅಂಗಳಕ್ಕೆ ಬಂದವಳು ಗೋಡೆ ಹಿಡಿದು ನಿಂತುಬಿಟ್ಟಳು. "ಕರೀಲಾರದ ಹೊಸ್ತಿಲ ದಾಟಂಗಿಲ್ಲ. ನೀವು ಹೋಗ್ರಿ."

ಮಲ್ಲಾಬಾಯಿ ಬಾಗಿಲಲ್ಲೇ ಅಡ್ಡ ನಿಂತಳು. ನಾನು ಅವಳ ತೋಳಿನ ಕೆಳಗಿನಿಂದಲೇ ನುಸುಳಿ ಒಳಗೆ ಹೋದೆ. ಮಂಚದ ಮೇಲೆ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಪರಮಣ್ಣ, "ಬರ್ಲಿ ಬಿಡು, ಎರಡು ತಿಂಗಳಾತು ಟಿವಿದಾಗ ನ್ಯೂಸ್ ಬಿಟ್ಟು ಬ್ಯಾರೆ ನೋಡಿಲ್ಲ" ಅಂದ. ಟಿವಿ ಒಳಗೋಡೆಗೆ, ಬಾಗಿಲಿಗೆ ಎದುರಾಗಿ ಇದೆ. ಅದರ ಕೆಳಗೆ ಸ್ಟ್ಯಾಂಡ್ ನಿಲ್ಲಿಸಿ ಕ್ಯಾಮೆರಾವನ್ನು ಬಾಗಿಲ ಕಡೆ ತಿರುಗಿಸಿದೆ. ಕೇಬಲ್ ಹಚ್ಚಲು ಟಿವಿ ನನಗೆ ಎಟುಕಲಿಲ್ಲ, ಮರಿಲಿಂಗ ಸ್ಟೂಲ್ ಹತ್ತಿ ಹಚ್ಚಿಕೊಟ್ಟ. ಕಿಟಕಿಯಲ್ಲಿ ಓಣಿಯ ಹೆಂಗಸರು ಸೇರಿದರು. ಎಲ್ಲರಿಗೂ ಕೇಳುವಂತೆ ಹೇಳಿದೆ.

"ಆವತ್ತ ನನಗ ಬೆಳಕು ಹಿಡಿಯಾಕ ಬರ್ತಿರ್ಲಿಲ್ಲ. ಕ್ಯಾಮೆರಾ ತಾನ ಮಾಡ್ಲಿ ಅಂತ ಬಿಟ್ಟೆ. ಈ ಬಾಗಲದಾಗ ಬಿಸಿಲಿಗೆ ಬೆನ್ನು ಮಾಡಿ ಯಾರು ಬಂದ್ರೂ ಮುಖ ಕಪ್ಪ ಆಗ್ತದ. ಈಗ ನಾನ ಬರ್ತೀನಿ, ನೋಡ್ರಿ."

ಆಟೋದಲ್ಲಿಟ್ಟು ಹೊರಗೆ ಹೋದೆ. ಹೊಸ್ತಿಲು ದಾಟಿ ಬಂದೆ. ಟಿವಿಯಲ್ಲಿ ನನ್ನ ಮುಖ ಕಪ್ಪಾಗಲಿಲ್ಲ. ಮೂಗುಬೊಟ್ಟಿನ ಹರಳು ಸಮೇತ ಸ್ಪಷ್ಟವಾಗಿತ್ತು. ಶ್ರಾವಣದ ಮೋಡ ಸರಿಯಾಗಿ ಆಗಲೇ ಸೂರ್ಯನಿಗೆ ಅಡ್ಡ ಬಂದಿತ್ತು.

ಮಲ್ಲಾಬಾಯಿ ಚಪ್ಪಾಳೆ ತಟ್ಟಿದಳು. "ನೋಡ್ರಿ! ಈಕಿ ಮುಖ ಬೇಷ್ ಅದ. ಯಾರದ ಆಗ್ಬೇಕೋ ಅವರದ ಆಗ್ತದ." ಕಿಟಕಿಯವರು ಹೌದೌದು ಅಂದರು. ಇಬ್ಬರು ಮನೆಗೆ ಹೊರಟರು. ನಾನು ಅಂಗಳದ ಕಲ್ಲಿನ ಮೇಲೆ ಕೂತೆ. ಬಿಸಿಲು ಬರುವ ತನಕ ಏಳುವುದಿಲ್ಲ ಅಂದೆ. ಮಲ್ಲಾಬಾಯಿ "ಕೂಡು" ಅಂದಳು. ಭಾಗ್ಯ ನನ್ನ ಪಕ್ಕ ಬಂದು ಕೂತಳು. ಅರ್ಧ ಗಂಟೆ ಇಬ್ಬರೂ ಮುಖ ಮೇಲೆತ್ತಿ ಮೋಡ ನೋಡಿದೆವು. ನನ್ನ ಜನ್ಮದಲ್ಲಿ ಒಂದು ಮೋಡವನ್ನು ಅಷ್ಟು ಬೈದಿರಲಿಲ್ಲ.

ಮೋಡ ಸರಿದು ಗೋಡೆ ಒಮ್ಮೆಲೇ ಉರಿದ ಕೂಡಲೇ ಓಡಿ ಒಳಗೆ ಬಂದೆ. ಈ ಸಲ ಹೊಸ್ತಿಲ ಮೇಲೆ ನನ್ನ ಮುಖ ಹೋಗಿಯೇಬಿಟ್ಟಿತು. ಕಪ್ಪು, ಒಂದು, ಎರಡು, ಮೂರು ಸೆಕೆಂಡು. "ಕಂಡ್ರೇನು?" ಅಂದೆ. ಗೆದ್ದೆ ಅಂದುಕೊಂಡೆ.

ಮಲ್ಲಾಬಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಸಣ್ಣ ದನಿಯಲ್ಲಿ ಅಂದಳು. "ಅದಕ್ಕ ನಿನಗ ಮೂವತ್ತಕ್ಕ ಬಂದ್ರೂ ಕಂಕಣ ಕೂಡಿಲ್ಲವ್ವ. ನಿನ್ನ ದೋಷ ನಿನಗ."

ಈ ಮಾತು ನನಗೆ ನೋವು ಮಾಡಿತು, ಇಲ್ಲ ಅನ್ನುವುದಿಲ್ಲ. ಆದರೂ ಸುಮ್ಮನಾಗಲಿಲ್ಲ. ಹಂಗಿದ್ದರೆ ದೋಷ ಇಲ್ಲದವರು ಯಾರಾದರೂ ಬನ್ನಿ ಅಂತ ಕಿಟಕಿಗೆ ಹೇಳಿದೆ. ಕಿಟಕಿ ಖಾಲಿಯಾಯಿತು. ಮರಿಲಿಂಗನನ್ನು ನೋಡಿದೆ, ಅವನು ನೆಲ ನೋಡಿದ. ಟಿವಿಯಲ್ಲಿ ಬರೀ ಬಾಗಿಲು, ಹೊರಗೆ ಗೋಡೆಗೆ ಆತು ನಿಂತ ಭಾಗ್ಯಳ ಸೆರಗಿನ ತುದಿ. ಅದನ್ನು ಕಂಡ ಮಲ್ಲಾಬಾಯಿಗೆ ಸಿಟ್ಟು ನೆತ್ತಿಗೇರಿತು. "ಇನ್ನಾ ನಿಂತಾಳ ನೋಡು! ಹೋಗು ಅಂತ ನಾನ ಹೇಳಿ ಬರ್ತೀನಿ" ಅಂತ ಧಡಧಡ ಹೊರಗೆ ಹೋದಳು.

ಹೊರಗೆ ಅವಳು ಕೂಗಿದ್ದು ನಮಗೆಲ್ಲ ಕೇಳಿಸಿತು. ಭಾಗ್ಯಳ ಉತ್ತರವೂ ಕೇಳಿಸಿತು. "ನೀವ ಮಂದಿ ಕರ್ಕೊಂಡು ಬಂದು ನಮ್ಮಪ್ಪನ ಮನ್ಯಾಗ ಕೇಳಿ ತಂದೀರಿ. ಹೋಗು ಅಂದ್ರ ಹೋಗಾಕ ನಾ ಚಾಕರಿಗಿ ಬಂದಿಲ್ಲ."

 ಮಲ್ಲಾಬಾಯಿ ಗಿರಕ್ಕನೆ ತಿರುಗಿ, ಬೆನ್ನ ಮೇಲೆ ಇಡೀ ಬಿಸಿಲು ಹೊತ್ತು, ಮನೆಯೊಳಗೆ ಬಂದಳು. ಹೊಸ್ತಿಲ ಮೇಲೆ ಕಾಲಿಟ್ಟವಳು ಅಲ್ಲೇ ನಿಂತಳು. 'ಕಸ್ತೂರಿ ವಿಡಿಯೋ'ದ ಕ್ಯಾಮೆರಾ ಇನ್ನೂ ಆಟೋದಲ್ಲೇ ಓಡುತ್ತಿತ್ತು. ಎದುರು ಟಿವಿಯಲ್ಲಿ ಮಲ್ಲಾಬಾಯಿ ನಿಂತಿದ್ದಳು, ಕುಂಕುಮ ಇಲ್ಲ, ಕಣ್ಣಿಲ್ಲ, ಮೂಗಿಲ್ಲ, ಬರೀ ಕಪ್ಪು.

 ಮಂಚದ ಮೇಲಿನಿಂದ ಪರಮಣ್ಣ ನಗಲು ಶುರು ಮಾಡಿದ. ಕಾಲು ನೋಯುತ್ತದೆ ಅಂತ ತೊಡೆ ಹಿಡಿದುಕೊಂಡೇ ನಕ್ಕ.

"ಏ ಮಲ್ಲಾಬಾಯಿ, ಮತ್ತ ನನ್ನ ಕಾಲು ಮುರಿದಾಕಿ ನೀನ ಏನು?"

ಅವಳು ಹಿಂದೆ ಸರಿದಳು, ಮುಖ ಬಂತು. ಮುಂದೆ ಬಂದಳು, ಹೋಯಿತು. ಎರಡು ಸಲ ಹಾಗೆ ಮಾಡಿದಳು. ಕೈಯಿಂದ ಗಲ್ಲ ಮುಟ್ಟಿ ನೋಡಿಕೊಂಡಳು. ಆಗ ಮರಿಲಿಂಗ ಮೊದಲ ಸಲ ಬಾಯಿ ತೆರೆದ.

"ಅವ್ವ, ಏಣಿ ಮೆಟ್ಟಿಲು ಮುರಿದದ್ದು ನನಗ ಮೊದಲ ಗೊತ್ತಿತ್ತು. ಮೊಳಿ ಹೊಡಿತೀನಿ ಅಂತ ಹದಿನೈದು ದಿನ ಬಿಟ್ಟೆ. ಬೈಸ್ಕೋಬೇಕಾಗ್ತದ ಅಂತ ಸುಮ್ನಿದ್ದೆ."

ತಪ್ಪು ಮುಚ್ಚಿಟ್ಟು ಸುಮ್ಮನಿದ್ದವಳು ನಾನೊಬ್ಬಳೇ ಅಲ್ಲ ಅನ್ನಿಸಿತು. ಅವನ ಮೇಲೆ ಸಿಟ್ಟು ಬಂತು, ಅಷ್ಟೇ ಸಿಟ್ಟು ನನ್ನ ಮೇಲೂ ಬಂತು.

 ಆಮೇಲೆ ಮಲ್ಲಾಬಾಯಿ ಒಳಗೆ ಹೋಗಿ ಸೇರು ತುಂಬ ಜೋಳ ತಂದು ಹೊಸ್ತಿಲ ಮೇಲಿಟ್ಟಳು. ಸೆರಗು ಸರಿ ಮಾಡಿಕೊಂಡಳು. ಅಂಗಳದ ಕಡೆ ನೋಡಿ, ಸ್ವಲ್ಪ ದನಿ ಇಳಿಸಿ, "ಬಾರವ್ವ ಭಾಗ್ಯ, ಒಳಗ ಬಾ" ಅಂದಳು. ನನ್ನ ಕಡೆ ತಿರುಗಿ, "ತಂಗಿ, ಈಗ ಚಂದಾಗಿ ಹಿಡಿ. ಮೊದಲಿಂದು ತೆಗೆದು ಇದನ್ನ ಹಾಕಿಬಿಡು" ಅಂದಳು.

ನಾನು ಆಗಲೇ ಕ್ಯಾಮೆರಾವನ್ನು ಕೈಗೆತ್ತಿಕೊಂಡಿದ್ದೆ. ಫಿಲ್ಟರ್ ಹಾಕಿದ್ದೆ, ಶಟರ್ ಐವತ್ತು, ಬೆರಳು ಬಳೆಯ ಮೇಲೆ. ಎರಡು ತಿಂಗಳು ಆಪಾನನ್ನು ನಡೆಸಿ ನಡೆಸಿ ಕಲಿತದ್ದು ಈ ಒಂದು ಶಾಟಿಗೆ. ಅದೇ ಬಾಗಿಲು, ಅದೇ ಬಿಸಿಲು, ಅದೇ ಹುಡುಗಿ. ಇದೊಂದು ಸಿಕ್ಕರೆ ನನ್ನ ಮೊದಲ ಮದುವೆಯಲ್ಲಿ ಕಲೆಯೇ ಇರುವುದಿಲ್ಲ. ಭಾಗ್ಯ ಬಂದಳು. ಎರಡು ಹೆಜ್ಜೆ ಇರುವಾಗ ತಿರುವಲು ಶುರು ಮಾಡಿದೆ. ಹಿಂದಿನ ಗೋಡೆ ಬೆಳ್ಳಗೆ ಹೊತ್ತಿ ಹೋಯಿತು, ಮುಖ ನಿಂತಿತು. ಹಣೆ, ಕಣ್ಣು, ಗಲ್ಲದ ಮೇಲಿನ ಬೆವರು, ಎಲ್ಲ ಇತ್ತು.

ಅವಳು ಸೇರಿನ ಮುಂದೆ ನಿಂತಳು. ಕಾಲೆತ್ತಲಿಲ್ಲ.

"ಅತ್ತಿ, ಸೇರು ನಾ ಒಮ್ಮೆ ಒದ್ದೀನಿ. ಮೇ ಮೂರನೇ ತಾರೀಖಿಗಿ. ಆವತ್ತ ಈ ಮನಿಗಿ ಬಂದೀನಿ. ಮುಖ ಕಾಣ್ಲಿ ಬಿಡ್ಲಿ, ಬಂದಾಕಿ ನಾನ. ಇವತ್ತ ಹೊಸದಾಗಿ ಬರಾಕತ್ತಿಲ್ಲ."

ಮಲ್ಲಾಬಾಯಿ ಏನೋ ಹೇಳಲು ಹೋದಳು. ಭಾಗ್ಯ ನನ್ನನ್ನು ನೋಡಿದಳು.

"ಅಕ್ಕ, ಬಂದ್ ಮಾಡ್ರಿ ಅದನ್ನ."

ನನ್ನ ಬೆರಳು ಒಂದು ಗಳಿಗೆ ಮಾತು ಕೇಳಲಿಲ್ಲ. ಎಂಥ ಶಾಟ್ ಅದು! ಆಮೇಲೆ ಬಂದ್ ಮಾಡಿದೆ. ಲೆನ್ಸಿಗೆ ಮುಚ್ಚಳ ಹಾಕಿದೆ.

ಭಾಗ್ಯ ಬಗ್ಗಿ ಸೇರನ್ನು ಎರಡೂ ಕೈಯಿಂದ ಎತ್ತಿಕೊಂಡಳು. ಒಂದು ಕಾಳೂ ಚೆಲ್ಲದ ಹಾಗೆ ಹಿಡಿದು ಹೊಸ್ತಿಲು ದಾಟಿದಳು. ಅತ್ತೆಯ ಪಕ್ಕದಿಂದ, ಮಾವನ ಮಂಚದ ಪಕ್ಕದಿಂದ, ಗಂಡನ ಮುಂದಿನಿಂದ, ಯಾರನ್ನೂ ನೋಡದೆ ಅಡುಗೆಮನೆಗೆ ಹೋದಳು. ಜೋಳವನ್ನು ಡಬ್ಬಕ್ಕೆ ಸುರಿದ ಸದ್ದು ಕೇಳಿತು. ಆಮೇಲೆ ಪಾತ್ರೆ ತಡಕಾಡುವ ಸದ್ದು. ಮರಿಲಿಂಗ ಎದ್ದು, ಹೊರಗೆ ಹೋಗಿ, ಟ್ರಂಕ್ ತರಲು ರಂಗಂಪೇಟೆಗೆ ಗಾಡಿ ಚಾಲು ಮಾಡಿದ.

"ಅತ್ತೀ," ಒಳಗಿನಿಂದ ಭಾಗ್ಯ ಕೂಗಿದಳು, "ಚಾಕ್ಕ ಇಡಾಕತ್ತೇನಿ. ನಾ ಇಟ್ಟ ಜಾಗದಾಗ ಸಕ್ರಿ ಡಬ್ಬಿ ಇಲ್ಲ. ಯಾರ ತೆಗೆದಾರ?"

ಮಲ್ಲಾಬಾಯಿ ನನ್ನ ಮುಖ ನೋಡಿದಳು, ಗಂಡನ ಮುಖ ನೋಡಿದಳು.  ಆಮೇಲೆ ತಾನೇ ಒಳಗೆ ಹೋಗಿ ಡಬ್ಬಿ ತೆಗೆದುಕೊಟ್ಟಳು.